ಅಸ್ಸರನ ಸಿಂಹ, ಲೊಂಬಾರ್ದಿಯ ಹಾವು

ಸ್ಟೆನ್‌ಲೆವ್ ಎಂಬ ನಮ್ಮ ಬಡಗಣ ನಾಡಿನ ಊರಿನ ಹೊಲಗಳಲ್ಲಿ ನೇಗಿಲಿಗೆ ಮಣ್ಣಿಗಿಂತ ಮೊದಲು ಕಲ್ಲು ಸಿಗುತ್ತದೆ. ಕುರಿಯಷ್ಟು ಚಿಕ್ಕವು, ಎತ್ತಿನಷ್ಟು ದೊಡ್ಡವು, ಎಲ್ಲವೂ ಕಗ್ಗಲ್ಲು. ಹಿಂದಿನ ಕಾಲದ ದೈತ್ಯರು ಜಗಳವಾಡಿ ಎಸೆದದ್ದು ಎಂದು ಅಜ್ಜಿಯರು ಹೇಳುತ್ತಾರೆ. ಉಳುವವರಿಗೆ ಅವು ಪೀಡೆ. ಅಸ್ಸರನ ಮನೆಗೆ ಮಾತ್ರ ಅವೇ ಹೊಟ್ಟೆಪಾಡು.

ಅಸ್ಸರನ ಅಪ್ಪ ತೂರೆ ಸತ್ತವರ ನೆನಪಿನ ಕಲ್ಲು ಮಾಡುತ್ತಿದ್ದ. ನಮ್ಮ ಹಳೆಯ ಗೀಟಕ್ಷರದಲ್ಲಿ ಸತ್ತವನ ಹೆಸರು, ಅದರ ಸುತ್ತ ಒಂದು ಮೃಗ. ಅದಕ್ಕೆ ನಾಲ್ಕು ಕಾಲಿದ್ದರೂ ಊರವರು ಹಾವು ಎಂದೇ ಕರೆಯುತ್ತಿದ್ದರು. ಮೈ ಅಷ್ಟು ಸಪೂರ, ಅಷ್ಟು ಉದ್ದ. ಬಾಲ ಹೊಟ್ಟೆಯಡಿ ನುಸುಳಿ, ಬೆನ್ನ ಮೇಲೆ ಹತ್ತಿ, ಕುತ್ತಿಗೆ ಸುತ್ತಿ, ಕೊನೆಗೆ ಅದರದೇ ಬಾಯಿಗೆ ಬಂದು ಸೇರುತ್ತಿತ್ತು. ಒಮ್ಮೆ ಮೇಲೆ ಹಾದ ಗೆರೆ ಮುಂದಿನ ಸಲ ಕೆಳಗೇ ಹಾಯಬೇಕು. ಅದರಲ್ಲಿ ತಪ್ಪಿದರೆ ತೂರೆ ಮಗನ ಬೆರಳ ಗೆಣ್ಣಿಗೆ ಕೋಲಿನಿಂದ ಬಾರಿಸುತ್ತಿದ್ದ. ಬಾಲದ ತುದಿಯಲ್ಲಿ ಮೂರು ಸೀಳಿನ ಒಂದು ಎಲೆ. ಅದು ಯಾವ ಗಿಡದ್ದು ಎಂದು ಅಸ್ಸರ್ ಒಮ್ಮೆ ಕೇಳಿದ್ದಕ್ಕೆ "ಹಾವಿನ ಗಿಡದ್ದು" ಎಂದು ಹೇಳಿ ಬಾಯಿ ಮುಚ್ಚಿಸಿದ್ದ.

ತೂರೆ ತೀರಿಕೊಂಡ ಮೇಲೆ ಅದೇ ಮೃಗವನ್ನು ಅಸ್ಸರ್ ಹದಿನೈದು ವರ್ಷ ಕೆತ್ತಿದ. ಸುತ್ತಲಿನ ಮೂರು ಹಳ್ಳಿಗಳಲ್ಲಿ ಸತ್ತವರೆಲ್ಲ ಅವನ ಹಾವಿನ ಸುತ್ತಿನೊಳಗೇ ಮಲಗಿದ್ದರು. ಇದು ತನ್ನ ಮನೆತನದ್ದು, ಅಜ್ಜನ ಅಜ್ಜನಿಂದ ಬಂದದ್ದು ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ರಾಜಮನೆತನದ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಕಡಿದುಕೊಳ್ಳುತ್ತಿದ್ದ ಕಾಲ ಅದು. ಊರಿನ ಒಡತಿ ಬೋದಿಲ್ ಅಮ್ಮನವರ ಗಂಡ ಅಂಥದೊಂದು ಕಾಳಗದಲ್ಲಿ ಸತ್ತ. ಅವನ ಆತ್ಮಕ್ಕೆ ಶಾಂತಿಯಾಗಲೆಂದು ಹಳೆಯ ಮರದ ಇಗರ್ಜಿಯನ್ನು ಕೆಡವಿ ಕಲ್ಲಿನದು ಕಟ್ಟಿಸುತ್ತೇನೆ ಎಂದು ಆಕೆ ಹರಕೆ ಹೊತ್ತಳು. ಬಾಗಿಲಿನ ಎರಡು ನಿಲುವುಗಲ್ಲುಗಳ ಮೇಲೆ ಉಬ್ಬುಕೆತ್ತನೆ ಬರಬೇಕು ಎಂಬ ಸುದ್ದಿ ಕೇಳಿ ಅಸ್ಸರ್ ಸುತ್ತಿಗೆಗೆ ಹೊಸ ಹಿಡಿ ಹಾಕಿಕೊಂಡು ಕಾದ. ಕರೆ ಬಂತು, ಹೋದ, ಮಧ್ಯಾಹ್ನದೊಳಗೆ ತಿರುಗಿ ಬಂದ. ಹೆಂಡತಿ ಗ್ರೋ ಬಾರ್ಲಿ ಗಂಜಿ ತಿರುವುತ್ತಿದ್ದಳು.

"ಏನಂದ್ರು ಅಮ್ಮಾವ್ರು? ಬಾಗ್ಲು ನಿಂಗೇ ತಾನೆ?"

"ಬಂಡೆ ಸೀಳೋ ಕೆಲ್ಸ ಕೊಟ್ರು."

"ಮತ್ತೆ ಬಾಗ್ಲು?"

"ಅದಕ್ಕೆ ಲುಂಡ್‌ನಿಂದ ಒಬ್ಬ ಬರ್ತಾನಂತೆ. ದಕ್ಷಿಣದ ಲೊಂಬಾರ್ದಿ ದೇಶದವನು. ಅಲ್ಲಿ ಆರ್ಚ್‌ಬಿಷಪ್ಪರ ಇಗರ್ಜಿಗೆ ಕೆತ್ತಿದವನು."

ಗ್ರೋ ಸೌಟು ಕೆಳಗಿಟ್ಟಳು. "ಸತ್ತೋರಿಗೆ ನೀನು ಸಾಕು, ದೇವ್ರಿಗೆ ಬೇರೆಯೋರು ಬೇಕು ಅನ್ನು" ಎಂದಳು. ಅವಳು ಗಂಡನ ಪರವಾಗಿ ಸಿಟ್ಟಾಗಿದ್ದರೂ ಮಾತು ಅವನಿಗೇ ಚುಚ್ಚಿತು. ಅಂದು ಅವನು ಗಂಜಿ ಮುಟ್ಟಲಿಲ್ಲ.

ಸಮುದ್ರ ಶಾಂತವಾದ ಮೇಲೆ ದೋಣಿಯಲ್ಲಿ ಒಬೆರ್ತೊ ಮೇಸ್ತ್ರಿ ಬಂದಿಳಿದ. ಐವತ್ತರ ಆಸುಪಾಸಿನವನು, ಕುಳ್ಳ, ಬಿಸಿಲಿಗೆ ಸುಟ್ಟ ಮುಖ. ನಮ್ಮ ಭಾಷೆಯನ್ನು ಲುಂಡ್‌ನಲ್ಲಿ ಅಷ್ಟಿಷ್ಟು ಕಲಿತಿದ್ದ. ತನಗೂ ದೇವರಿಗೂ ದನಕ್ಕೂ ಒಂದೇ ಬಗೆಯಾಗಿ 'ಬರುತ್ತೆ, ಹೋಗುತ್ತೆ' ಎನ್ನುತ್ತಿದ್ದುದರಿಂದ ಹೆಂಗಸರು ತಲೆವಸ್ತ್ರದ ತುದಿ ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಅವನ ಹತ್ತಿರ ಒಂದು ಚರ್ಮದ ಸುರುಳಿಯಿತ್ತು. ಬಿಚ್ಚಿದರೆ ಒಳಗೆ ಇಪ್ಪತ್ತು ಉಳಿಗಳು, ಅಗಲದವು, ಸಪೂರದವು, ಹಲ್ಲಿನವು. ಅಂಥ ಸಾಲನ್ನು ಅಸ್ಸರ್ ಕಂಡಿರಲಿಲ್ಲ. ಅವನ ಬಳಿ ಇದ್ದದ್ದು ನಾಲ್ಕೇ, ನಾಲ್ಕೂ ಮೊನೆಯವು.

ಮೊದಲ ದಿನ ಒಬೆರ್ತೊ ಅಸ್ಸರ್ ಸೀಳಿಕೊಟ್ಟ ಕಲ್ಲಿನ ಮೇಲೆ ಅಗಲದ ಉಳಿಯನ್ನು ಓರೆಯಾಗಿಟ್ಟು ಹೊಡೆದ. ಉಳಿ ಜಾರಿತು. ಮತ್ತೆ ಹೊಡೆದ, ಬಾಯಿ ಮುರಿಯಿತು. ಸಂಜೆಯೊಳಗೆ ಆರು ಉಳಿ ಮುರಿದವು, ಕಲ್ಲಿನ ಮೇಲೆ ಬಿಳಿ ಗೀರು ಬಿಟ್ಟು ಬೇರೇನೂ ಆಗಲಿಲ್ಲ. ಎರಡನೆಯ ದಿನ ಕಮ್ಮಾರನನ್ನು ಪಕ್ಕದಲ್ಲೇ ಕೂರಿಸಿಕೊಂಡ. ಮೂರನೆಯ ದಿನ ಊರವರು ರೈ ರೊಟ್ಟಿ ಕಟ್ಟಿಕೊಂಡು ನೋಡಲು ಬಂದರು. ಅಸ್ಸರ್ ತನ್ನ ಪಾಡಿಗೆ ಬಂಡೆಗೆ ಬೆಣೆ ಹೊಡೆಯುತ್ತ, ಕಣ್ಣಂಚಿನಲ್ಲಿ ಎಲ್ಲವನ್ನೂ ನೋಡುತ್ತ, ಬಾಯಿ ಬಿಡಲಿಲ್ಲ. ಆ ಮೂರು ದಿನ ಅವನಿಗೆ ಹಸಿವು ಚೆನ್ನಾಗಿತ್ತು ಎಂದು ಗ್ರೋ ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ನಾಲ್ಕನೆಯ ದಿನ ಒಬೆರ್ತೊ ಉಳಿಗಳನ್ನು ಸುತ್ತಿಟ್ಟು, ಅಸ್ಸರನ ಎದುರಿಗೆ ಬಂದು ನೆಲದ ಮೇಲೆ ಕೂತ.

"ನಮ್ಮ ಕಡೆ ಕಲ್ಲು ಬೆಣ್ಣೆ" ಎಂದ. "ಇದು ಕಬ್ಬಿಣ ತಿನ್ನುತ್ತೆ. ನಾನು ಏನು ತಪ್ಪು ಮಾಡುತ್ತೆ, ಹೇಳು."

ಕೇಳುವಾಗ ಅವನ ಮುಖದಲ್ಲಿ ನಾಚಿಕೆಯಿರಲಿಲ್ಲ. ದಾರಿ ತಪ್ಪಿದವನು ದಾರಿ ಕೇಳುವಂತೆ ಕೇಳಿದ. ಅಸ್ಸರನಿಗೆ ತನ್ನ ಮೂರು ದಿನದ ಸುಖ ಒಮ್ಮೆಲೇ ಸಣ್ಣದಾಗಿ ಕಂಡಿತು.

"ನೀವು ಸೀಳಿ ತೆಗೆಯೋಕೆ ನೋಡ್ತಿದೀರಿ, ಮೇಸ್ತ್ರಿ. ಇದು ಹಾಗೆ ಬರಲ್ಲ. ಮೊನೇನ ನೆಟ್ಟಗೆ ಇಟ್ಟು ಕುಟ್ಬೇಕು. ಚೂರು ಏಳಬಾರ್ದು, ಪುಡಿ ಏಳ್ಬೇಕು."

"ಎಷ್ಟು ಹೊತ್ತು?"

"ಅಂಗೈಯಷ್ಟಕ್ಕೆ ಒಂದು ದಿನ."

ಒಬೆರ್ತೊ ತನ್ನ ಅಂಗೈಯನ್ನು ನೋಡಿಕೊಂಡ. ಆಮೇಲೆ ಅಸ್ಸರನ ಅಂಗೈ ನೋಡಿ, ಅದು ದೊಡ್ಡದು, ಆದ್ದರಿಂದ ಅಳತೆ ತನ್ನದೇ ಇರಲಿ ಎಂದ. ಇಬ್ಬರೂ ಮೊದಲ ಸಲ ಒಟ್ಟಿಗೆ ನಕ್ಕದ್ದು ಆಗ.

ಅಲ್ಲಿಂದ ಮುಂದೆ ಬಂಡೆ ಸೀಳಲು ಬೇರೆಯವರು ಬಂದರು. ಅಸ್ಸರ್ ಮೇಸ್ತ್ರಿಯ ಜೊತೆಗೆ ಕಲ್ಲಿನ ಮುಂದೆ ಕೂತ. ಒಂದು ದಿನ ಒಬೆರ್ತೊ ಹಲಗೆಯ ಮೇಲೆ ಇದ್ದಿಲಿನಿಂದ ಒಂದು ಪ್ರಾಣಿ ಬರೆದ: ಅಗಲ ಎದೆ, ಕುತ್ತಿಗೆಯ ತುಂಬ ಸುರುಳಿ ಸುರುಳಿ ಕೂದಲು, ಪಂಜದಡಿ ಒಬ್ಬ ಮನುಷ್ಯ.

"ನಾಯೀನಾ?" ಎಂದು ಅಸ್ಸರ್ ಕೇಳಿದ.

"ಸಿಂಹ."

"ನೀವು ಕಂಡಿದೀರಾ?"

ಒಬೆರ್ತೊ ಇದ್ದಿಲನ್ನು ಬೆರಳುಗಳ ನಡುವೆ ಹೊರಳಿಸಿದ. "ಇಲ್ಲ."

"ನಿಮ್ಗೆ ಕಲ್ಸಿದವ್ರು?"

"ಅವನೂ ಇಲ್ಲ. ನಮ್ಮೂರ ಇಗರ್ಜಿ ಹಿಂದೆ ಹಳೇ ರೋಮಿನವರ ಒಂದು ಗೋರಿಕಲ್ಲು ಇದೆ, ಹೆಣ ಇಡೋ ತೊಟ್ಟಿ. ಅದರಲ್ಲಿ ಹಂದಿ ನೀರು ಕುಡಿಯುತ್ತೆ. ಅದರ ಮೇಲೆ ಸಿಂಹ. ಅದನ್ನ ನೋಡಿ ಗುರು ಮಾಡಿತು, ಗುರುನ ನೋಡಿ ನಾನು ಮಾಡಿತು. ಈ ಕೂದಲು ಮಾತ್ರ ಒಂದು ರೇಷ್ಮೆ ಬಟ್ಟೆಯದು. ಸಂತನ ಮೂಳೆ ಸುತ್ತಿದ ಬಟ್ಟೆ. ಕಡಲಾಚೆ ಸಾರಸೆನರ ದೇಶದ್ದು."

ಸಿಂಹ ಕಾಣದವರ ಸಾಲಿನಲ್ಲಿ ತಾನೂ ಒಬ್ಬ ಎಂದುಕೊಂಡು ಅಸ್ಸರ್, ಮೇಸ್ತ್ರಿ ಬಿಟ್ಟುಕೊಟ್ಟ ಬಲಗಡೆಯ ಕಲ್ಲಿಗೆ ಕೈ ಹಾಕಿದ. ಆದರೆ ಸುಲಭವಾಗಲಿಲ್ಲ. ಅವನ ಕೈಗೆ ಗೊತ್ತಿದ್ದದ್ದು ಗೆರೆ. ಕಲ್ಲಿನ ಮೈಯಲ್ಲಿ ಗೆರೆ ಎಳೆದರೆ ಮೃಗ ಆಯಿತು, ಅಷ್ಟೇ. ಒಬೆರ್ತೊ ಗೆರೆಯನ್ನು ನೋಡುತ್ತಲೇ ಇರಲಿಲ್ಲ. ಒಳಗೆ ಮಾಂಸವಿದೆ, ಉಸಿರಿದೆ, ಹೊಟ್ಟೆ ಹೊರಕ್ಕೆ ತಳ್ಳುತ್ತಿದೆ ಎನ್ನುತ್ತಿದ್ದ. ಊರಿನ ಹೋರಿಯ ಪಕ್ಕೆಯ ಮೇಲೆ ಅಸ್ಸರನ ಕೈ ಇಡಿಸಿ, ಕಣ್ಣು ಮುಚ್ಚಿ ತಡವಲು ಹೇಳಿದ. ಮೊದಲನೆಯ ಸಿಂಹ ಕೆಟ್ಟಿತು. ಗ್ರೋ ರೊಟ್ಟಿ ತಂದವಳು ನೋಡಿ, ಇದು ಗಂಜಿಯಲ್ಲಿ ಮೂತಿ ಹಾಕಿದ ಕರುವಿನ ಹಾಗಿದೆ ಎಂದು ತೀರ್ಪು ಕೊಟ್ಟಳು. ಆ ಕಲ್ಲು ಅಡಿಪಾಯಕ್ಕೆ ಹೋಯಿತು. ಎರಡನೆಯದು ನಿಂತಿತು. ಮುಖ ನಮ್ಮ ಹೋರಿಯದೇ. ಆದರೆ ಎದೆ ಮುಂದಕ್ಕೆ ಉಬ್ಬಿ, ಇನ್ನೇನು ಉಸಿರು ಬಿಡುತ್ತದೆ ಎನ್ನುವ ಹಾಗಿತ್ತು. ಕೊನೆಯ ದಿನ ಅದರ ಹೊಟ್ಟೆಯ ಮೇಲೆ ಅಂಗೈಯಿಟ್ಟು ಅಸ್ಸರ್ ಬಹಳ ಹೊತ್ತು ನಿಂತಿದ್ದ. ಕಲ್ಲಿಗೆ ಹೊಟ್ಟೆ ಬರಬಹುದು ಎಂದು ಅಪ್ಪ ಯಾಕೆ ಹೇಳಲಿಲ್ಲ ಎಂದು ಅವನಿಗೆ ಅನಿಸಿತು. ಅಪ್ಪನಿಗೇ ಗೊತ್ತಿರಲಿಲ್ಲ ಎಂಬುದು ಆಮೇಲೆ ಹೊಳೆದು, ಸಂಕಟವಾಯಿತು.

ಎಡಗಡೆಯ ಕಲ್ಲು ಒಬೆರ್ತೊನದಾಗಿತ್ತು. ಆದರೆ ಕಗ್ಗಲ್ಲಿನ ಪೆಟ್ಟು ತಿಂದು ಅವನ ಮಣಿಕಟ್ಟು ಊದಿಕೊಂಡಿತು. ಲೋಟ ಎತ್ತಲೂ ಆಗುತ್ತಿರಲಿಲ್ಲ.

"ಆ ಕಡೆ ನೀನೇ ಮಾಡು" ಎಂದ.

"ಇನ್ನೊಂದು ಸಿಂಹಾನಾ?"

"ನಿನ್ನದು ಮಾಡು. ನಿಮ್ಮಪ್ಪನದು."

ನಡುಚಳಿಯ ಯೂಲ್ ಹಬ್ಬ ಕಳೆದು ಹಿಮ ಕರಗುವ ತನಕ ಅಸ್ಸರ್ ಅಪ್ಪನ ಹಾವನ್ನು ಕೆತ್ತಿದ. ಈ ಸಲ ಅದಕ್ಕೆ ಮೈ ಇತ್ತು. ಬಾಲ ಕಾಲಿನಡಿ ಹಾಯುವಲ್ಲಿ ನಿಜವಾಗಿಯೂ ಅಡಿ ಹೋಯಿತು, ಮೇಲೆ ಹಾಯುವಲ್ಲಿ ಬೆರಳಿಗೆ ತಗಲುವಷ್ಟು ಎದ್ದಿತು. ಗೆರೆ ಅಪ್ಪನದೇ, ಒಂದೂ ತಪ್ಪಿರಲಿಲ್ಲ. ಉಸಿರು ಮಾತ್ರ ಹೊಸದು. ಅಷ್ಟು ಸಂತೋಷ ತನ್ನ ಕೈಗೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಲಿಲ್ಲ ಎಂದು ಅವನು ಹೇಳುತ್ತಿದ್ದ. ಬಾಲದ ತುದಿಯ ಎಲೆಯನ್ನು ನೋಡಿ ಒಬೆರ್ತೊ ಹುಬ್ಬೇರಿಸಿದ. ಇದು ದ್ರಾಕ್ಷಿ ಎಲೆ, ತನ್ನ ಅಮ್ಮನ ಮನೆಯ ಗೋಡೆಯ ತುಂಬ ಇದೇ. ದ್ರಾಕ್ಷಿ ಬೆಳೆಯದ ನಾಡಿನಲ್ಲಿ ಇದು ಎಲ್ಲಿಂದ ಬಂತು ಎಂದು ಕೇಳಿದ. ಹಾವಿನ ಗಿಡದ್ದು ಎನ್ನಲು ಅಸ್ಸರನಿಗೆ ಬಾಯಿ ಬರಲಿಲ್ಲ.

ವಸಂತದಲ್ಲಿ ಇಗರ್ಜಿಯನ್ನು ನೋಡಿಹೋಗಲು ಬಿಷಪ್ಪರ ಕಡೆಯಿಂದ ಹೆಮ್ಮಿಂಗ್ ಎಂಬ ಪಾದ್ರಿ ಬಂದ. ಬೋದಿಲ್ ಅಮ್ಮನವರೂ ಬಂದು ಬಾಗಿಲ ಮುಂದೆ ನಿಂತರು. ಪಾದ್ರಿ ಬಲಗಡೆಯ ಸಿಂಹವನ್ನು ಮೆಚ್ಚಿಕೊಂಡ. ಎಡಗಡೆಗೆ ತಿರುಗಿದವನ ಮುಖ ಬಿಗಿಯಿತು.

"ಇದು ನಮ್ಮ ಮುತ್ತಾತಂದಿರು ದೆವ್ವಗಳಿಗೆ ಬಲಿ ಕೊಡ್ತಿದ್ದ ಕಾಲದ ಹಾವು. ದೇವರ ಬಾಗಿಲಲ್ಲಿ ಬೇಡ. ಇಗರ್ಜಿ ಪ್ರತಿಷ್ಠೆಯ ಹಬ್ಬದೊಳಗೆ ಕುಟ್ಟಿ ಸಪಾಟು ಮಾಡ್ಸಿ, ಅಮ್ಮಾವ್ರೇ."

ಬೋದಿಲ್ ಅಮ್ಮನವರು ಅಸ್ಸರನ ಕಡೆ ನೋಡಿ, ಮತ್ತೆ ಕಲ್ಲಿನ ಕಡೆ ನೋಡಿ ಸುಮ್ಮನಾದರು. ಆಗ ಒಬೆರ್ತೊ ಊದಿದ ಕೈಯನ್ನು ಎದೆಗೆ ಕಟ್ಟಿಕೊಂಡೇ ಮುಂದೆ ಬಂದು ತಲೆ ಬಾಗಿದ.

"ಪಾದ್ರಿಗಳೇ, ಇದು ನಮ್ಮ ಲೊಂಬಾರ್ದಿಯದು. ನಮ್ಮ ಬಿಷಪ್ಪರ ಬಾಗಿಲಲ್ಲಿ ಇಂಥವು ಎರಡು ಇದೆ. ಪಾಪ ತನ್ನ ಬಾಲ ತಾನೇ ಕಚ್ಚುತ್ತೆ, ಅದಕ್ಕೆ ಒಳಗೆ ಬರೋಕೆ ಆಗಲ್ಲ. ಹೊರಗೇ ನಿಲ್ಲುತ್ತೆ."

ಪಾದ್ರಿ ಮತ್ತೊಮ್ಮೆ ನೋಡಿದ. ಈಗ ಅವನ ಕಣ್ಣಿಗೆ ಬೇರೆಯದೇ ಕಂಡಿತು. ಎಲೆಯನ್ನು ಬೆರಳಿನಿಂದ ಮುಟ್ಟಿ, ದ್ರಾಕ್ಷಿ ಎಲೆ ಎಂದಮೇಲೆ ಕ್ರಿಸ್ತನ ಗುರುತೇ ಸರಿ ಎಂದು ತಾನೇ ಇನ್ನೊಂದು ಅರ್ಥ ಸೇರಿಸಿದ. ಹೊರಡುವಾಗ ಅಸ್ಸರನ ಭುಜ ತಟ್ಟಿ, "ಪರದೇಶದವರ ವಿದ್ಯೇನ ಚೆನ್ನಾಗಿ ಕಲ್ತಿದೀಯಪ್ಪ" ಎಂದ.

ಕಲ್ಲು ಉಳಿಯಿತು. ಅಸ್ಸರ್ ಮಾತ್ರ ಆ ಸಂಜೆ ಒಬೆರ್ತೊನನ್ನು ಬಿಡಾರದ ಹತ್ತಿರ ತಡೆದು ನಿಲ್ಲಿಸಿದ.

"ನಮ್ಮಪ್ಪನ್ನ ನಿಮ್ಮೂರಿನವನನ್ನಾಗಿ ಮಾಡ್ಬಿಟ್ರಿ."

"ಕಲ್ಲು ಇದೆಯಲ್ಲ."

"ಕುಟ್ಟಿ ಹಾಕಿದ್ರೂ ಅದು ನಂದೇ ಆಗಿರ್ತಿತ್ತು."

"ಕುಟ್ಟಿದ ಕಲ್ಲಿಗೆ ಅಪ್ಪ ಇಲ್ಲ, ಅಮ್ಮ ಇಲ್ಲ" ಎಂದ ಒಬೆರ್ತೊ. "ನಿಂಗೆ ಸಿಟ್ಟು ಬರುತ್ತೆ. ಬರಲಿ. ನಾನು ಅದನ್ನ ಕುಟ್ಟೋದು ನೋಡೋಕೆ ಆಗ್ತಿರಲಿಲ್ಲ."

ಅಸ್ಸರನ ಸಿಟ್ಟು ಇಳಿಯಲಿಲ್ಲ. ಹನ್ನೊಂದು ದಿನ ಇಬ್ಬರೂ ಒಂದೇ ಬಾಗಿಲ ಕೆಳಗೆ ಕೆಲಸ ಮಾಡಿ ಒಂದು ಮಾತೂ ಆಡಲಿಲ್ಲ. ಹನ್ನೆರಡನೆಯ ದಿನ ರೀಬೆ ಪಟ್ಟಣದಿಂದ ಒಬೆರ್ತೊನಿಗೆ ಕರೆ ಬಂತು. ಅಲ್ಲಿ ದಕ್ಷಿಣದಿಂದ ಹಡಗಿನಲ್ಲಿ ಮೆದುಗಲ್ಲು ತರಿಸುತ್ತಿದ್ದರು. ಗ್ರೋ ದಾರಿಗೆ ಉಪ್ಪುಮೀನು, ರೊಟ್ಟಿ ಕಟ್ಟಿಕೊಟ್ಟಳು. ಅಸ್ಸರ್ ಗಾಡಿಯವರೆಗೆ ಹೋದ. ನಿಮ್ಮ ಕೈಗೆ ಆ ಕಲ್ಲೇ ಒಳ್ಳೆಯದು ಎಂದಷ್ಟೇ ಹೇಳಿದ. ಒಬೆರ್ತೊ ತಲೆಯಾಡಿಸಿದ. ಗಾಡಿ ತಿರುವು ದಾಟಿದ ಮೇಲೂ ಅಸ್ಸರ್ ಅಲ್ಲೇ ನಿಂತಿದ್ದನೆಂದು ಕಂಡವರು ಹೇಳುತ್ತಾರೆ. ಮೂರು ವರ್ಷದ ಮೇಲೆ ಮೀನಿನ ವ್ಯಾಪಾರಿಯೊಬ್ಬ, ಲೊಂಬಾರ್ದಿಯ ಮೇಸ್ತ್ರಿ ಚಳಿಗಾಲದ ಕೆಮ್ಮಿನಲ್ಲಿ ತೀರಿಕೊಂಡ ಎಂಬ ಸುದ್ದಿ ತಂದ.

ಅಷ್ಟರಲ್ಲಿ ಸುತ್ತಲಿನ ಊರುಗಳೆಲ್ಲ ಮರದ ಇಗರ್ಜಿ ಕೆಡವಿ ಕಲ್ಲಿನದು ಕಟ್ಟತೊಡಗಿದ್ದವು. ಸ್ಟೆನ್‌ಲೆವ್‌ನ ಬಾಗಿಲು ನೋಡಿದವರು ಅಸ್ಸರನ ಮನೆಗೆ ಬಂದರು. ಬಂದವರ ಬಾಯಲ್ಲಿ ಒಂದೇ ಮಾತು: ಬಲಕ್ಕೆ ಅಸ್ಸರನ ಸಿಂಹ, ಎಡಕ್ಕೆ ಆ ಲೊಂಬಾರ್ದಿಯ ಹಾವು. ಹೋರಿಯ ಮುಖದ ಸಿಂಹವನ್ನು ನೋಡಿದರೆ ಇದು ನಮ್ಮದೇ ಎಂದು ಯಾರಿಗಾದರೂ ಅನಿಸುತ್ತಿತ್ತು. ಹಾವಿನ ವಿಷಯ ಪಾದ್ರಿಯೇ ಹೇಳಿದ್ದನಲ್ಲ. ಅಸ್ಸರ್ ಮೊದಮೊದಲು ತಿದ್ದಿದ. ಸಿಂಹ ಪರದೇಶದ್ದು, ಹಾವು ನಮ್ಮಪ್ಪನದು ಎಂದ. ಕೇಳಿದವರು ವಿನಯಕ್ಕೆ ಹೇಳುತ್ತಿದ್ದಾನೆ ಎಂದುಕೊಂಡರು. ಅವನದೇ ಹಾವಿನಡಿ ಅಪ್ಪ ಅಮ್ಮನನ್ನು ಹೂತವರೂ ಎರಡೂ ಒಂದೇ ಎಂದು ಗುರುತಿಸಲಿಲ್ಲ. ಮೈ ತುಂಬಿಕೊಂಡ ಹಾವು ಅವರಿಗೆ ಬೇರೆ ಪ್ರಾಣಿಯಾಗಿತ್ತು.

ಆರೇಳು ಬಾಗಿಲು ಮುಗಿದ ಮೇಲೆ ಅವನು ತಿದ್ದುವುದನ್ನು ಬಿಟ್ಟ. ಆದರೆ ಎಲೆಯ ಪ್ರಶ್ನೆ ಒಳಗೆ ಉಳಿದಿತ್ತು. ಬೋದಿಲ್ ಅಮ್ಮನವರಿಗೆ ಎಪ್ಪತ್ತು ದಾಟಿ ಕಾಲು ಸ್ವಾಧೀನ ತಪ್ಪಿದ ವರ್ಷ, ನೋಡಿಕೊಂಡು ಬರಲು ಹೋದವನು ಕೇಳಿಯೇ ಬಿಟ್ಟ: ಅವತ್ತು ನೀವು ಯಾಕೆ ಸುಮ್ಮನಿದ್ದಿರಿ, ಅದು ನಮ್ಮಪ್ಪನದೆಂದು ನಿಮಗೆ ಗೊತ್ತಿರಲಿಲ್ಲವೇ?

ಆಕೆ ಆಳನ್ನು ಕರೆದು ಒಳಗಿಂದ ಒಂದು ಪೆಟ್ಟಿಗೆ ತರಿಸಿದಳು. ಎರಡು ಅಂಗೈ ಉದ್ದದ, ದಂತದಂತೆ ಹಳದಿಗಟ್ಟಿದ ಮೂಳೆಯ ಪೆಟ್ಟಿಗೆ. ಮುಚ್ಚಳದ ಮೇಲೆ ಸಪೂರ ಮೃಗವೊಂದು ತನ್ನದೇ ಬಾಲದಲ್ಲಿ ಸಿಕ್ಕಿಕೊಂಡಿತ್ತು. ಬಾಲದ ತುದಿ ದ್ರಾಕ್ಷಿ ಬಳ್ಳಿಯಾಗಿ ಪೆಟ್ಟಿಗೆಯ ಸುತ್ತ ಹಬ್ಬಿತ್ತು.

"ನಮ್ಮಜ್ಜಿ ಇಂಗ್ಲೆಂಡಿನವಳು. ತೌರಿಂದ ತಂದಿದ್ದು" ಎಂದಳು ಬೋದಿಲ್. "ನಮ್ಮಪ್ಪ ಸತ್ತಾಗ ಕಲ್ಲು ಕೆತ್ತೋಕೆ ನಿಮ್ಮಪ್ಪ ಬಂದಿದ್ದ. ಆಗಿನ್ನೂ ಹುಡುಗ. ಎರಡು ದಿನ ಇದನ್ನ ತೊಡೆ ಮೇಲಿಟ್ಕೊಂಡು ಕೂತಿದ್ದ, ಊಟಕ್ಕೂ ಏಳ್ಲಿಲ್ಲ. ಅದಕ್ಕೂ ಮುಂಚೆ ಅವ್ನು ಬರೀ ಅಕ್ಷರ ಕೆತ್ತೋನು."

ಅಸ್ಸರ್ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಮೇಲೆ ಹಾದ ಗೆರೆ ಕೆಳಗೆ, ಕೆಳಗೆ ಹಾದದ್ದು ಮೇಲೆ. ಒಂದೇ ಒಂದು ಕಡೆ ಆ ಹಳೆಯ ಕೆತ್ತನೆಗಾರ ತಪ್ಪಿದ್ದ, ಗೆರೆ ಎರಡು ಸಲ ಮೇಲೆಯೇ ಹೋಗಿತ್ತು. ಅಪ್ಪ ಅದನ್ನು ತಿದ್ದಿಕೊಂಡಿದ್ದ.

"ಮತ್ತೆ ಅಪ್ಪ, ಅಜ್ಜನ ಕಾಲದಿಂದ ಬಂದದ್ದು ಅಂತಿದ್ದ."

"ಯಾರ ಅಜ್ಜ ಅಂತ ಹೇಳಿದ್ನೇನು?" ಎಂದು ಮುದುಕಿ ನಕ್ಕಳು. ಆಮೇಲೆ ಮೆಲ್ಲಗೆ, "ನಾನು ಅವತ್ತು ನಿಜ ಹೇಳಿದ್ರೆ ಕಲ್ಲು ಹೋಗ್ತಿತ್ತು ಕಣೋ. ಆ ಪರದೇಶಿ ಸುಳ್ಳು ಹೇಳ್ತಾ ಇದಾನೆ ಅಂತ ಗೊತ್ತಿತ್ತು. ದ್ರಾಕ್ಷಿ ಅವ್ರ ಕಡೇದೇ ನೋಡು, ಎಷ್ಟು ಸುಳ್ಳು ಅನ್ನೋದು ಗೊತ್ತಿರ್ಲಿಲ್ಲ, ಅಷ್ಟೇ" ಎಂದಳು.

ಮನೆಗೆ ಬರುವ ದಾರಿಯಲ್ಲಿ ಅಸ್ಸರ್ ಹೊಲದ ಬಂಡೆಯೊಂದರ ಮೇಲೆ ಕೂತ. ಮೊದಲು ಅವನಿಗೆ ಏನೋ ಕಳೆದುಹೋದಂತಾಯಿತು. ಆಮೇಲೆ, ಊಟ ಬಿಟ್ಟು ಪೆಟ್ಟಿಗೆ ಹಿಡಿದು ಕೂತ ಹುಡುಗ ತೂರೆ ಕಣ್ಣಿಗೆ ಕಟ್ಟಿದ. ಕೋಲು ಹಿಡಿದ ಅಪ್ಪನನ್ನು ಮಾತ್ರ ಅವನು ಇಷ್ಟು ವರ್ಷ ನೆನೆದುಕೊಂಡಿದ್ದ. ಈ ಹುಡುಗನ ಪರಿಚಯವೇ ಇರಲಿಲ್ಲ. ಹಂದಿ ನೀರು ಕುಡಿಯುವ ಗೋರಿಕಲ್ಲಿನ ಪಕ್ಕ ಗುರುವಿನ ಕೈ ನೋಡುತ್ತ ಕೂತ ಹುಡುಗ ಒಬೆರ್ತೊನೂ ಕಣ್ಣ ಮುಂದೆ ಬಂದ. ಹನ್ನೊಂದು ದಿನ ಮಾತು ಬಿಟ್ಟದ್ದಕ್ಕೆ ಅಲ್ಲಿ ಕೂತು ಪಶ್ಚಾತ್ತಾಪಪಟ್ಟ. ಆದರೆ ಆ ಸಿಟ್ಟು ತಪ್ಪು ಎಂದು ಅವನಿಗೆ ಕೊನೆವರೆಗೂ ಅನಿಸಲಿಲ್ಲ. ಅಪ್ಪ ತಂದದ್ದು ಎಲ್ಲಿಂದಲಾದರೂ ಇರಲಿ, ಕೋಲಿನ ಪೆಟ್ಟು ತಿಂದು ಕಲಿತ ಬೆರಳುಗಳು ತನ್ನವೇ ಆಗಿದ್ದವು.

ಅವನ ಕೊನೆಯ ಕೆಲಸ ಪಕ್ಕದೂರಿನ ಇಗರ್ಜಿಗೆ ಒಂದು ದೀಕ್ಷಾಸ್ನಾನದ ತೊಟ್ಟಿ. ಕಗ್ಗಲ್ಲಿನದು, ಹಸುಗೂಸು ಮುಳುಗುವಷ್ಟು ಅಗಲ. ಹೊರಮೈ ಸುತ್ತ ಸಿಂಹ ಹಾವನ್ನು ಅಟ್ಟಿಸಿಕೊಂಡು ಹೋಗುತ್ತದೆ, ಹಾವು ಸಿಂಹವನ್ನು; ಯಾರು ಮುಂದೆ ಯಾರು ಹಿಂದೆ ಎಂದು ಹೇಳಲು ಬರುವುದಿಲ್ಲ. ಅಂಚಿನಲ್ಲಿ ಗೀಟಕ್ಷರದಲ್ಲಿ ಬರೆದ: ತೂರೆ ಕಲಿಸಿದ, ಒಬೆರ್ತೊ ಕಲಿಸಿದ, ಅಸ್ಸರ್ ಮಾಡಿದ. ಅಲ್ಲಿನ ಹೊಸ ಪಾದ್ರಿಗೆ ಲತೀನು ಬಿಟ್ಟು ಬೇರೆ ಓದು ಬರುತ್ತಿರಲಿಲ್ಲ. ಅದು ಅಲಂಕಾರ ಎಂದುಕೊಂಡು ಒಪ್ಪಿದ.

ತೊಟ್ಟಿಯನ್ನು ಗಾಡಿಗೆ ಏರಿಸುವ ಹಿಂದಿನ ದಿನ ಗ್ರೋ ಅಂಗಳಕ್ಕೆ ಬಂದು ಅದರ ಸುತ್ತ ಒಂದು ಸುತ್ತು ಹಾಕಿದಳು.

"ಏನು ಬರ್ದಿದೀಯ?"

ಅವನು ಓದಿ ಹೇಳಿದ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಿಮ್ಮಪ್ಪನಿಗೆ ಕೊನೇ ಕಾಲದಲ್ಲಿ ಗಂಜಿ ಕುಡ್ಸಿದ್ದು ಯಾರು? ಆ ಮೇಸ್ತ್ರಿ ಕೈ ಊದಿದಾಗ ತುತ್ತು ಮಾಡಿ ಕೊಟ್ಟಿದ್ದು ಯಾರು? ನಿಂಗೆ ಇವತ್ತು ಬೆಳಗ್ಗೆ ಹಾಕಿದ್ದು ಯಾರು?"

ಅಸ್ಸರ್ ಮೊನೆಯುಳಿ ಹುಡುಕಿ ತಂದು ಕೂತ. ಬಿಸಿಲಿಳಿಯುವ ತನಕ ಟಕಟಕ ಸದ್ದು ಕೇಳಿಸುತ್ತಿತ್ತು. ಅಂಚಿನಲ್ಲಿ ಜಾಗ ಉಳಿದಿರಲಿಲ್ಲವಾದ್ದರಿಂದ ಕೊನೆಯ ಸಾಲು ಕೆಳಗಿಳಿದು ಸಿಂಹದ ಬೆನ್ನ ಮೇಲೆ ಹತ್ತಿದೆ: ಗ್ರೋ ಮೂವರಿಗೂ ಉಣ್ಣಿಸಿದಳು.